ಖಾಲಿ ಜೀಪು ಬೆಟ್ಟ ಹತ್ತಬಾರದು

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರಹಗಾರನಲ್ಲ, ಜೀಪ್ ಡ್ರೈವರ್. ಶಾಲೆಯಲ್ಲಿ ಕಲಿತದ್ದು ತಮಿಳು, ಅದೂ ಅರ್ಧಕ್ಕೆ ಬಿಟ್ಟೆ. ಮದುವೆಯಾದ ಮೇಲೆ ಹತ್ತನೇ ಕ್ಲಾಸನ್ನು ಪ್ರೈವೇಟಾಗಿ ಕಟ್ಟಿ ಪಾಸು ಮಾಡಿದೆ. ಕನ್ನಡ ಅಕ್ಷರ ಕಲಿಸಿದವಳು ಗುಂಡ್ಲುಪೇಟೆಯ ನನ್ನ ಹೆಂಡತಿ. ಇದನ್ನು ಫೋನಿನಲ್ಲಿ ಒಂದೇ ಬೆರಳಿಂದ ಒತ್ತುತ್ತಿದ್ದೇನೆ, ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ನಿಂತುಬಿಡುತ್ತದೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಿಷಯದಲ್ಲಿ ತಪ್ಪಿಲ್ಲ. ಅದಕ್ಕೆ ನಾನು ಜವಾಬ್ದಾರ.

ನಮ್ಮ ಮೇಡಂ ತೀರಿಕೊಂಡ ಕೆಲವು ದಿನಕ್ಕೆ, ಅವರೂ ನಾನೂ ಮೊದಲು ಕೆಲಸ ಮಾಡುತ್ತಿದ್ದ ಸೋಲಾರ್ ಕಂಪನಿಯವರು ಕೂನೂರಿನಲ್ಲಿ ಒಂದು ಸಂತಾಪ ಸಭೆ ಇಟ್ಟಿದ್ದರು. ಕಂಪನಿಯ ಯಜಮಾನರು, ನಾವು ಮುದಲಾಳಿ ಅನ್ನುತ್ತಿದ್ದೆವು, ಮೈಕ್ ಹಿಡಿದು ಹೇಳಿದರು: “ಅವರದು ತುಂಬಾ ಶಾಂತ ಸ್ವಭಾವ. ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಿದ್ರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ.”

ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. ನನ್ನ ಮನಸ್ಸೊಂದನ್ನೇ ಅವರು ವಾರಕ್ಕೆ ನಾಲ್ಕು ಸಲ ನೋಯಿಸುತ್ತಿದ್ದರು. ಮುದಲಾಳಿಯ ಮನಸ್ಸಿನ ಲೆಕ್ಕ ಇಟ್ಟವರಿಲ್ಲ. ಮೇಡಂ ಶಾಂತ ಅಲ್ಲ, ಹೊಂದಿಕೊಂಡು ಹೋದವರೂ ಅಲ್ಲ. ಸತ್ತವರನ್ನು ಹೀಗೆ ಮೆತ್ತಗೆ ಮಾಡಿ ಮಡಚಿ ಇಡುವುದು ನನಗೆ ಸಹಿಸಲಾಗುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವ ಧೈರ್ಯ ಅವರು ಬದುಕಿದ್ದಾಗಲೇ ಯಾರಿಗೂ ಇರಲಿಲ್ಲ.

ಕೂಕಲ್ತೊರೈ ಕಡೆಯ ಒಂದು ಬಡಗರ ಹಟ್ಟಿಯ ಹೆಣ್ಣುಮಗಳು ಅವರು. ಹಟ್ಟಿ ಎಂದರೆ ನಮ್ಮ ಬೆಟ್ಟದಲ್ಲಿ ಸಾಲುಮನೆಗಳ ಸಣ್ಣ ಊರು. ಮನೆಗೆ ಒಂದಿಷ್ಟು ಟೀ ತೋಟ. ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲೇ ಬಹಳ ವರ್ಷ ಕೆಲಸ ಮಾಡಿ, ಆಮೇಲೆ ಬೆಟ್ಟಕ್ಕೆ ವಾಪಸ್ ಬಂದವರು. ಯಾವಾಗಲೂ ಗಂಡಸರ ಸ್ವೆಟರ್, ತಲೆಗೆ ಉಣ್ಣೆಯ ಸ್ಕಾರ್ಫ್. ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಕರೆಂಟು ಅಳೆಯುವ ಮೀಟರ್. ಹಟ್ಟಿಯವರನ್ನು ಅವರ ಭಾಷೆ ಬಡಗದಲ್ಲಿ ಬೈಯುತ್ತಿದ್ದರು, ನನ್ನನ್ನು ಕನ್ನಡದಲ್ಲಿ, ಹುಡುಗರನ್ನು ತಮಿಳಿನಲ್ಲಿ. ಇಂಗ್ಲಿಷ್ ಬಂತೆಂದರೆ ಮುದಲಾಳಿಯ ಸರದಿ ಎಂದು ನಮಗೆ ತಿಳಿಯುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ “ರಿಪೇರಿಗೆ ಒಪ್ಪೋ ಗಂಡು ಸಿಗಲಿಲ್ಲ” ಎಂದಿದ್ದರು.

ಯಾವ ವಸ್ತು ಕೈಗೆ ಸಿಕ್ಕಿದರೂ ಮೊದಲು ತಲೆಕೆಳಗು ಮಾಡಿ ಸ್ಕ್ರೂ ಎಲ್ಲಿದೆ ನೋಡುವುದು ಅವರ ಚಾಳಿ. ಒಂದು ಮದುವೆಯಲ್ಲಿ ಉಡುಗೊರೆಗೆ ಬಂದ ಮಿಕ್ಸಿಯನ್ನೂ ಹಾಗೇ ಬೋರಲು ಹಾಕಿ ನೋಡಿ, ಮದುಮಗಳಿಗೆ ಹೇಳಿದರು: “ಸ್ಕ್ರೂ ಇಲ್ಲಮ್ಮಾ, ಬರೀ ಅಂಟು. ನಿನ್ನ ಮದುವೆ ಇದಕ್ಕಿಂತ ಜಾಸ್ತಿ ದಿನ ಬಾಳಲಿ.” ಮದುಮಗಳ ಅತ್ತೆ ಆಮೇಲೆ ಮೇಡಂ ಜೊತೆ ಮಾತು ಬಿಟ್ಟರು.

ನಮ್ಮ ಕಂಪನಿ ಹಟ್ಟಿಗಳಿಗೆ ಸೋಲಾರ್ ಬೀದಿದೀಪ ಹಾಕುತ್ತಿತ್ತು, ಮಸಿನಗುಡಿ, ಗೂಡಲೂರು ಕಡೆ ಆನೆಬೇಲಿ ಹಾಕುತ್ತಿತ್ತು. ಮೇಡಂ ಸೇರಿದಾಗ ಅವರ ಬಾಗಿಲಿಗೆ ‘ಇನ್ನೋವೇಶನ್ ಮ್ಯಾನೇಜರ್’ ಎಂದು ಬೋರ್ಡ್ ಬಂತು. ಹಾಗಂದರೇನು ಎಂದು ನಾನು ಕೇಳಿದೆ. “ಹೊಸದು ಕಂಡುಹಿಡಿಯೋಳು ಅಂತ. ಆದರೆ ನಾನು ಮೊದಲು ಹಳೇದು ಎಲ್ಲಿ ಹೋಗ್ತಿದೆ ಅಂತ ಕಂಡುಹಿಡೀತೀನಿ” ಎಂದರು.

ಹಳೆಯದು ಬಹಳ ದೂರ ಹೋಗುತ್ತಿರಲಿಲ್ಲ. ಆಫೀಸಿನ ಹಿಂದೆ ಒಂದು ಕಮರಿ, ಕೆಳಗೆ ಹಳ್ಳ. ಸತ್ತ ಬ್ಯಾಟರಿ, ಒಡೆದ ಪ್ಯಾನಲ್ ಎಲ್ಲ ಅಲ್ಲಿಗೆ ಉರುಳುತ್ತಿದ್ದವು. ಸೇರಿದ ವಾರವೇ ಮೇಡಂ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಮರಿಗೆ ಇಳಿದರು. ಒಂದು ಬ್ಯಾಟರಿಯನ್ನು ಎದೆಗೆ ಒತ್ತಿಕೊಂಡು ಹತ್ತಿ ಬಂದು, ಕೆಸರು ಸಮೇತ ಮುದಲಾಳಿಯ ಮೇಜಿನ ಮೇಲೆ ಇಟ್ಟರು.

“ಇದು ನಿಮ್ಮದು ಸಾರ್. ಕೈಜಾರಿ ಬಿದ್ದುಹೋಗಿತ್ತು.”

ಆಮೇಲೆ ಹಿತ್ತಲ ಶೆಡ್ಡನ್ನು ತೆಗೆದುಕೊಂಡರು. ಬೀದಿದೀಪದ ಹೊಸ ಬ್ಯಾಟರಿ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ಸೆಲ್‌ಗಳ ಸಾಲು ಇರುತ್ತದೆ. ಒಂದೆರಡು ಸತ್ತರೆ ಇಡೀ ಪೆಟ್ಟಿಗೆಯೇ ಸತ್ತಂತೆ ಕಾಣುತ್ತದೆ. ಮೇಡಂ ಅದನ್ನು ಬಿಚ್ಚಿಸಿ, ಜೀವ ಇರುವುದನ್ನು ಬೇರೆ ಮಾಡಿ, ಒಟ್ಟು ಕಟ್ಟಿಸಿ, ಮತ್ತೆ ದೀಪಕ್ಕೆ ಹಾಕಿಸಿದರು. ಆಸಿಡ್ ಇರುವ ಹಳೇ ಬ್ಯಾಟರಿಗಳನ್ನು ಮಾತ್ರ ಬಿಚ್ಚಲು ಬಿಡಲಿಲ್ಲ. ಅವು ಒಂದು ಹನಿ ಚೆಲ್ಲದೆ, ಸೀಸವನ್ನು ಸರಿಯಾಗಿ ಕರಗಿಸುವವರಿಗೇ ಹೋಗಬೇಕು.

ನನಗೆ ಬಂದ ನಿಯಮ ಒಂದೇ: ಖಾಲಿ ಜೀಪು ಬೆಟ್ಟ ಹತ್ತಬಾರದು. ಮಸಿನಗುಡಿಗೆ ಹೊಸ ಸಾಮಾನು ಇಳಿಸಿದರೆ, ಬರುವಾಗ ಅಲ್ಲಿ ಸತ್ತದ್ದನ್ನು ಹೊತ್ತು ತರಬೇಕು.

“ಮೇಡಂ, ಕಲ್ಹಟ್ಟಿ ಏರಿನಲ್ಲಿ ಇಷ್ಟು ಭಾರ ಹಾಕಿದ್ರೆ ಜೀಪು ಕೆಮ್ಮುತ್ತೆ.”

“ಇಳಿಯುವಾಗ ಕೆಮ್ಮಲಿಲ್ವಾ?”

“ಅದು ಇಳಿಜಾರು ಮೇಡಂ.”

“ಇಳಿಸೋದು ಯಾರಿಗೂ ಬರುತ್ತೆ ಕಣಪ್ಪಾ. ಹತ್ತಿಸೋಕೆ ತಾನೇ ನಿನಗೆ ಸಂಬಳ.”

ಜನರಿಂದ ಸತ್ತ ಸಾಮಾನು ವಾಪಸ್ ಕೇಳುವುದು ಹೊಸದು ಮಾರುವುದಕ್ಕಿಂತ ಕಷ್ಟ. ಒಡೆದ ಪ್ಯಾನಲ್ ಒಬ್ಬರ ಮನೆಯಲ್ಲಿ ಕೋಳಿಗೂಡಿನ ಬಾಗಿಲು, ಇನ್ನೊಬ್ಬರಲ್ಲಿ ಮೆಣಸಿನಕಾಯಿ ಒಣಗಿಸುವ ಹಲಗೆ. ಮೇಡಂ ಕೋಳಿಗೂಡಿಗೆ ಅಳತೆ ತೆಗೆದು ಮರದ ಬಾಗಿಲು ಮಾಡಿಸಿ ನನ್ನ ಜೀಪಿನಲ್ಲಿ ಕಳಿಸಿದರು. “ಸೋಲಾರ್ ಕಂಪನಿಯೋ ಬಡಗಿ ಅಂಗಡಿಯೋ?” ಎಂದು ಮುದಲಾಳಿ ರೇಗಿದರು. “ಕೋಳಿಗೆ ಕೇಳಿ ಸಾರ್” ಎಂದರು ಮೇಡಂ.

ಒಂದು ವೀರಶೈವ ಹಟ್ಟಿಯಲ್ಲಿ ಸಮುದಾಯ ಭವನದ ಮಾಡಿನ ಮೇಲೆ ನಾವು ಹಾಕಿದ್ದ ಪ್ಯಾನಲ್ ಪದೇಪದೇ ಸೊರಗುತ್ತಿತ್ತು. ಹೋಗಿ ನೋಡಿದರೆ ನಡುವೆ ದಪ್ಪನೆ ಮೂರು ಪಟ್ಟೆ ವಿಭೂತಿ. ಬೆಳಕು ಕೊಡುವುದಲ್ಲವೇ ಎಂದು ಅಲ್ಲಿಯ ಹಿರಿಯರೊಬ್ಬರು ಸೋಮವಾರ ಸೋಮವಾರ ಏಣಿ ಹತ್ತಿ ಭಕ್ತಿಯಿಂದ ಬಳಿಯುತ್ತಿದ್ದರು. ಪಟ್ಟೆಯ ಅಡಿಯಲ್ಲಿ ಪ್ಯಾನಲ್ ಕಾದು ಕಂದಿತ್ತು. ನಮ್ಮ ಹುಡುಗರು ಕಿಸಕ್ಕೆಂದು ನಕ್ಕರು. ಮೇಡಂ ಅವರ ಕಡೆ ತಿರುಗಿ, “ಆಯುಧಪೂಜೆಗೆ ಜೀಪಿನ ಲೈಟಿಗೆ ಕುಂಕುಮ ಮೆತ್ತಿದವರು ಯಾರು?” ಎಂದರು. ನಗು ನಿಂತಿತು. ಆ ಹಿರಿಯರಿಗೆ ಬೇರೆಯೇ ದನಿಯಲ್ಲಿ ಹೇಳಿದರು: “ಅಯ್ಯಾ, ವಿಭೂತಿ ಹಣೆಗೆ ಇಡ್ತೀರಿ, ಕಣ್ಣಿಗೆ ಇಡ್ತೀರಾ? ಇದು ಇಡಿಯಾಗಿ ಕಣ್ಣು. ಹಣೆ ಇಲ್ಲಿದೆ ನೋಡಿ.” ಅಂಚಿನ ಅಲ್ಯೂಮಿನಿಯಂ ಪಟ್ಟಿ ತೋರಿಸಿದರು. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂದಿಗೂ ಅಲ್ಲಿ ವಿಭೂತಿ ಅಂಚಿನ ಮೇಲೆಯೇ ಇದೆ.

ಮಾರಾಟಗಾರರ ಹತ್ತಿರ ಮಾತ್ರ ಈ ದನಿ ಇರಲಿಲ್ಲ. ಪ್ಲೇನಿನಿಂದ ಇಳಿದು ಟೈ ಕಟ್ಟಿಕೊಂಡು ಬಂದವನೊಬ್ಬ ಬಹಳ ಅಗ್ಗದ, ಪೂರ್ತಿ ಮುಚ್ಚಿದ ಬ್ಯಾಟರಿ ತಂದಿದ್ದ. ಮೇಡಂ ಒಂದು ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟು “ಬಿಚ್ಚಿ” ಎಂದರು.

“ಬಿಚ್ಚೋ ಅಗತ್ಯವೇ ಬರಲ್ಲ ಮೇಡಂ, ಕೆಟ್ಟರೆ ಬಿಸಾಕಿ ಹೊಸದು ತಗೊಳ್ಳಿ.”

“ಎಲ್ಲಿಗೆ ಬಿಸಾಕೋದು? ಜಾಗ ನೀವೇ ತೋರಿಸಿ, ನಮ್ಮ ಡ್ರೈವರ್ ಕರ್ಕೊಂಡು ಹೋಗ್ತಾನೆ.”

ಅವನು ತೋರಿಸಲಿಲ್ಲ. ಟೀ ಕುಡಿದು ಹೋದ.

ಇಷ್ಟೆಲ್ಲ ಓದಿ ಮೇಡಂ ಎಲ್ಲರನ್ನೂ ಸೋಲಿಸುತ್ತಿದ್ದರು ಎಂದುಕೊಳ್ಳಬೇಡಿ. ಅವರನ್ನೂ ಒಬ್ಬರು ನಿಲ್ಲಿಸಿ ಕೇಳಿದರು. ಮಸಿನಗುಡಿಯ ಆಚೆ ಕಾಡಂಚಿನಲ್ಲಿ ರಾಗಿ ಹೊಲ ಇದ್ದ ಒಬ್ಬ ಅಜ್ಜಿ. ಆನೆಬೇಲಿಯ ಬ್ಯಾಟರಿ ಹೋಗಿತ್ತು. ಶೆಡ್ಡಿನಲ್ಲಿ ಕಟ್ಟಿದ್ದ ಪೆಟ್ಟಿಗೆಯನ್ನು ಮೇಡಂ ಖುದ್ದಾಗಿ ತೆಗೆದುಕೊಂಡು ಹೋದರು. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅದನ್ನು ಸುತ್ತಿ ನೋಡಿದಳು.

“ಹೊಸದಾ ಇದು?”

“ಒಳಗಿನ ಸೆಲ್ ಹಳೇದು ಅಜ್ಜಿ. ಆದರೆ ಪರೀಕ್ಷೆ ಮಾಡಿದ್ದೀವಿ.”

“ಊಟಿ ರೆಸಾರ್ಟ್‌ನೋರ್ಗೆ ಯಾವ್ದು ಕೊಡ್ತೀಯವ್ವಾ?”

ಮೇಡಂ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದರು.

“ಹೇಳವ್ವಾ. ಅವ್ರ್ಗೆ ಹೊಸ್ದು, ನಮ್ಗೆ ಅವ್ರು ಬುಟ್ಟುದ್ದು. ಸೀರೆನೂ ಅಂಗೇ ಕೊಡ್ತೀರಿ, ಬೇಲಿನೂ ಅಂಗೇ ಕೊಡ್ತೀರಿ. ಆನೆಗೇನು ಗೊತ್ತು ಅದು ಪರೀಕ್ಸೆ ಪಾಸಾಗ್ಯದೆ ಅಂತ? ಮೊದ್ಲು ನಿನ್ನ ಮನೇಲಿ ಇಕ್ಕೊಂಡು ನೋಡು. ಆಮ್ಯಾಕೆ ನನ್ನ ಹೊಲಕ್ಕೆ ಬಾ.”

ಮೇಡಂ ವಾದ ಮಾಡಲಿಲ್ಲ. ಪೆಟ್ಟಿಗೆಯನ್ನು ತಾವೇ ಎತ್ತಿ ಜೀಪಿನಲ್ಲಿಟ್ಟರು. ಊಟಿ ಹತ್ತಿರವಾದಾಗ ಹೇಳಿದರು: “ಅಜ್ಜಿ ಸರಿ. ನಾನು ತಪ್ಪು.” ಮರುದಿನವೇ ಹೊಸ ಬ್ಯಾಟರಿ ಕೊಟ್ಟು ನನ್ನನ್ನು ಅಜ್ಜಿಯ ಹೊಲಕ್ಕೆ ಓಡಿಸಿದರು. ಶೆಡ್ಡಿಗೂ ಹೊಸ ಕಾನೂನು ಬಂತು: ಕಟ್ಟಿದ ಪೆಟ್ಟಿಗೆ ಯಾವುದೇ ಇರಲಿ, ಮೊದಲು ಒಂದು ಮಳೆಗಾಲ ನಮ್ಮ ಮನೆಯಲ್ಲಿ ಬದುಕಬೇಕು. ನಮ್ಮ ಮನೆ ಎಂದರೆ ಮೇಡಂ ಮನೆ, ಆಫೀಸು, ಮತ್ತೆ ಮುದಲಾಳಿಯ ಗೆಸ್ಟ್ ಹೌಸು.

ಆ ಮೂರನೆಯದು ಎಡವಟ್ಟಾಯಿತು. ಗೆಸ್ಟ್ ಹೌಸಿನಲ್ಲಿ ಮುದಲಾಳಿ ದೊಡ್ಡ ಗಿರಾಕಿಗಳಿಗೆ ಮಧ್ಯಾಹ್ನದ ಊಟ ಇಟ್ಟಿದ್ದರು. ಜುಲೈ ತಿಂಗಳ ಮಂಜು. ಮಧ್ಯಾಹ್ನವೇ ಎದುರಿನವರ ಮುಖ ಕಾಣದಷ್ಟು ಕತ್ತಲು. ಬಿರಿಯಾನಿ ಬಡಿಸುವ ಹೊತ್ತಿಗೆ ಒಂದೊಂದೇ ದೀಪ ಮಂಕಾಗಿ ಎಲ್ಲವೂ ಆರಿಹೋದವು. ಒಬ್ಬ ಗಿರಾಕಿ ಉಪ್ಪಿನಕಾಯಿಗೆ ಕೈ ಹಾಕಲು ಹೋಗಿ ಇನ್ನೊಬ್ಬರ ಮೊಸರಿಗೆ ಹಾಕಿದರಂತೆ.

ಮುದಲಾಳಿ ಕರೆಸಿದರು. ನಾನು ಕೀಲಿ ಕೊಡಲು ಹೋಗಿದ್ದವನು ಬಾಗಿಲಲ್ಲೇ ನಿಂತೆ.

“ಮಾನ ಹೋಯ್ತು! ಹಳೇ ಕಸ ತಂದು ನನ್ನ ಮನೆಗೇ ಹಾಕಿದ್ದೀಯಲ್ಲಾ!”

“ತಪ್ಪು ನನ್ನದೇ ಸಾರ್. ಬಲ ಇರೋ ಸೆಲ್ ಜೊತೆ ಸೊರಗಿದ್ದನ್ನು ಸೇರಿಸಿಬಿಟ್ಟಿದ್ದೆ. ಇನ್ಮೇಲೆ ಸಮಬಲದ್ದು ಸಮಬಲದ್ದರ ಜೊತೆಗೆ ಮಾತ್ರ. ಇಲ್ಲೇ ಆರಿದ್ದು ಒಳ್ಳೇದಾಯ್ತು.”

“ಒಳ್ಳೇದಾಯ್ತಾ?”

“ಇಲ್ಲಿ ಆರಿದ್ರೆ ಬಿರಿಯಾನಿ ತಣ್ಣಗಾಗುತ್ತೆ. ಬೇಲಿಯಲ್ಲಿ ಆರಿದ್ರೆ ಆನೆ ಒಳಗೆ ಬರುತ್ತೆ.”

ಮುದಲಾಳಿಗೆ ಈ ಮಾತು ಹಿಡಿಸಲಿಲ್ಲ. ಶೆಡ್ ಮುಚ್ಚುವುದೆಂದು ಅವತ್ತೇ ತೀರ್ಮಾನವಾಯಿತು. ಮೇಟ್ಟುಪಾಳಯಂನ ಒಬ್ಬ ಗುಜರಿಯವನಿಗೆ ಎಲ್ಲವನ್ನೂ ಮಾರಲು ಮಾತಾಡಿದರು. ಅವನು ಬ್ಯಾಟರಿಗಳನ್ನು ಬಯಲಲ್ಲೇ ಒಡೆದು, ಆಸಿಡನ್ನು ಮಣ್ಣಿಗೆ ಸುರಿದು, ಬೇಕಾದ್ದು ಆರಿಸಿ ಉಳಿದದ್ದಕ್ಕೆ ಬೆಂಕಿ ಇಡುವವನು. ಅದು ನಮಗೆಲ್ಲ ಗೊತ್ತಿತ್ತು, ಮುದಲಾಳಿಗೂ ಗೊತ್ತಿತ್ತು.

ಗುಜರಿಯವನ ಲಾರಿ ಬಂದ ಬೆಳಿಗ್ಗೆ ಮೇಡಂ ಶೆಡ್ಡಿನ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತು ಇಡ್ಲಿ ತಿನ್ನುತ್ತಿದ್ದರು. ಮುದಲಾಳಿ ಕಾರಿನಿಂದ ಇಳಿದರು.

“ಏಳಮ್ಮಾ. ಒಂದೋ ಈ ಕಸ ಹೋಗುತ್ತೆ, ಇಲ್ಲಾ ನೀನು ಹೋಗ್ತೀಯ.”

“ಎರಡೂ ಒಟ್ಟಿಗೇ ಹೋಗ್ತೀವಿ ಸಾರ್. ಇದೆಲ್ಲ ನನಗೆ ಕೊಡಿ, ನಾಳೆಯಿಂದ ನಾನು ಬರಲ್ಲ.”

ಮುದಲಾಳಿ ನಕ್ಕುಬಿಟ್ಟರು. “ತಗೊಂಡು ಹೋಗು. ಇಟ್ಕೊಳ್ಳೋಕೆ ಜಾಗ ಎಲ್ಲಿದೆ ನಿನಗೆ?”

ಜಾಗ ಇರಲಿಲ್ಲ. ಅದು ಮೇಡಂಗೂ ಗೊತ್ತಿತ್ತು. ಆದರೂ ಫೋನ್ ಮಾಡಿದರು. ಅವರ ಹಟ್ಟಿಯ ಎಲೆ ಗಾಡಿ, ತೋಟದ ಹಸಿ ಟೀ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸುವ ಲಾರಿ, ಕೂನೂರಿನಲ್ಲಿ ಎಲೆ ಇಳಿಸಿ ವಾಪಸಾಗುತ್ತಿತ್ತು. ಅದಕ್ಕೆ ತುಂಬಿದೆವು. ನಾನೂ ಕೈ ಹಾಕಿದೆ. ಜೀಪಿನ ಕೀಲಿಯನ್ನು ಮುದಲಾಳಿಯ ಮೇಜಿನ ಮೇಲಿಟ್ಟು ಲಾರಿ ಹತ್ತಿದೆ. ಮೇಡಂ ನನ್ನನ್ನು ನೋಡಿ, “ಸಂಬಳ ಯಾರು ಕೊಡ್ತಾರೆ ಅಂದ್ಕೊಂಡೆ?” ಎಂದರು. ಮೆಚ್ಚುಗೆಯ ಮಾತು ಅವರ ಬಾಯಲ್ಲಿ ಹೀಗೇ ಬರುತ್ತಿತ್ತು.

ಹಟ್ಟಿಯ ನಡುವೆ ಸುತ್ತುಕಲ್ಲು ಎಂದು ಹಿರಿಯರು ಕೂರುವ ಕಲ್ಲಿನ ಜಗಲಿ. ಊರಿನ ಕೂಟ ಸೇರುವುದು ಅಲ್ಲೇ. ಲಾರಿ ನೋಡಿ ಜನ ಸೇರಿದರು. ಹಳೇ ಎಲೆ ತೂಗುವ ಶೆಡ್ ಒಂದು ಖಾಲಿ ಬಿದ್ದಿತ್ತು, ಅದನ್ನು ಮೇಡಂ ಕೇಳಿದರು. ಅಲ್ಲಿ ನಡೆದ ಮಾತೆಲ್ಲ ಬಡಗ, ನಾನು ನನಗೆ ತಿಳಿದ ಕನ್ನಡಕ್ಕೆ ತಿರುಗಿಸಿದ್ದೇನೆ.

“ಹೆಂಗಸರು ಕೂಟದಲ್ಲಿ ಮಾತಾಡೋ ವಾಡಿಕೆ ಇಲ್ಲ. ನಿನ್ನ ಅಣ್ಣ ಮಾತಾಡಲಿ” ಎಂದರು ಒಬ್ಬ ಹಿರಿಯರು.

“ಅಣ್ಣನಿಗೆ ಬ್ಯಾಟರಿ ವಿಷಯ ಗೊತ್ತಿಲ್ಲ ಮಾವ. ಗೊತ್ತಿಲ್ಲದ್ದನ್ನು ಗಂಡಸು ಮಾತಾಡೋದು ವಾಡಿಕೆ ಇರಬಹುದು, ಇವತ್ತು ಬೇಡ.”

ಯಾರೋ ಹಿಂದಿನಿಂದ ನಕ್ಕರು. ಊರಗೌಡರು, ಅಂದರೆ ಹಟ್ಟಿಯ ಮುಖ್ಯಸ್ಥರು, ನಗಲಿಲ್ಲ. “ಕಂಪನಿ ಕಸ ನಮ್ಮ ಹಟ್ಟಿಗೆ ಯಾಕೆ? ಕೆಳಗೆ ನಾವು ಕುಡಿಯೋ ನೀರಿದೆ.”

“ಕೂನೂರಿನ ಹಳ್ಳದ ನೀರೂ ಯಾರೋ ಕುಡೀತಾರೆ ಗೌಡರೇ. ಮೇಟ್ಟುಪಾಳಯದಲ್ಲೂ ಕುಡೀತಾರೆ. ನಮ್ಮಲ್ಲಿ ಸಾವಾದಾಗ, ಸತ್ತವರು ಮಾಡಿದ ಪಾಪ ಎಲ್ಲ ಕೂಗಿ ಹೇಳಿ ಬಿಡುಗಡೆ ಕೇಳ್ತೀರಲ್ಲ, ಅದರಲ್ಲಿ ಹರಿಯೋ ನೀರು ಕೆಡಿಸಿದ್ದೂ ಬರುತ್ತೆ. ಬದುಕಿರುವಾಗ ಮಾಡಿ, ಸತ್ತ ಮೇಲೆ ಹೇಳಿಸ್ಕೊಳ್ಳೋಕೆ ನನಗಿಷ್ಟ ಇಲ್ಲ. ಮಾಡದೇ ಇರೋಕೆ ಒಂದು ಶೆಡ್ ಕೊಡಿ. ಒಂದು ಹನಿ ಆಚೆ ಹೋದರೆ ನನ್ನನ್ನೇ ಆಚೆ ಹಾಕಿ.”

ಕೂಟ ಸ್ವಲ್ಪ ಹೊತ್ತು ಗುಜುಗುಜು ಎಂದಿತು. ಗೌಡರು ಕೋಲು ನೆಲಕ್ಕೂರಿ ಕೇಳಿದರು: “ಸರಿ, ಜವಾಬ್ದಾರ ಯಾರು?”

“ನಾನು.”

“ನಿನಗೂ ವಯಸ್ಸಾಯ್ತು. ನಿನ್ನ ನಂತರ? ಇಷ್ಟು ವಿಷ ಹಟ್ಟಿ ನಡುವೆ ಇಟ್ಟು ನೀನು ಹೋಗಿಬಿಟ್ಟರೆ ನಮ್ಮ ಮಕ್ಕಳು ಏನು ಮಾಡಬೇಕು?”

ಆಮೇಲೆ ಏನು, ಎಲ್ಲಿಗೆ ಹೋಗುತ್ತೆ ಎಂದು ಜಗತ್ತಿಗೆಲ್ಲ ಕೇಳಿಕೊಂಡು ತಿರುಗಿದ ಮೇಡಂ ತಮ್ಮ ಬಗ್ಗೆ ಅದನ್ನು ಕೇಳಿಕೊಂಡಿರಲಿಲ್ಲ ಎಂದು ಕಾಣುತ್ತದೆ. ಸ್ಕಾರ್ಫ್ ಬಿಚ್ಚಿ ಮತ್ತೆ ಕಟ್ಟಿಕೊಂಡು ಲಾರಿಯ ಕಡೆ ತಿರುಗಿದರು. ಲಾರಿಯ ಡ್ರೈವರ್ ಎಂಜಿನ್ ಚಾಲೂ ಮಾಡಿದ. ಮುಗಿಯಿತು, ಇನ್ನು ಮೇಟ್ಟುಪಾಳಯವೇ ಗತಿ ಎಂದುಕೊಂಡೆ.

ಆಗ ಜಗಲಿಯ ಆಚೆ, ಎಲೆ ಕೊಯ್ದು ಬಂದು ಚೀಲ ಹೊತ್ತೇ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, ಮೇಡಂ ಅಣ್ಣನ ಸೊಸೆ, ಗಟ್ಟಿಯಾಗಿ ಹೇಳಿದಳು: “ನಮಗೆ ಹೇಳಿಕೊಡಲಿ. ನಾವು ನೋಡ್ಕೋತೀವಿ. ಒಳ್ಳೇ ಎಲೆ, ಕೆಟ್ಟ ಎಲೆ ಆರಿಸೋ ಕೈಗೆ ಒಳ್ಳೇ ಸೆಲ್, ಕೆಟ್ಟ ಸೆಲ್ ಆರಿಸೋಕೆ ಬರಲ್ವಾ?”

“ಹೆಂಗಸರು ಕೂಟದಲ್ಲಿ…” ಎಂದು ಆ ಹಿರಿಯರು ಮತ್ತೆ ಶುರು ಮಾಡಿದರು.

“ಅತ್ತೆ ಆಗಲೇ ಮಾತಾಡಿ ಆಯ್ತಲ್ಲ ತಾತಾ. ವಾಡಿಕೆ ಮುರಿದದ್ದು ಅವರು. ಆ ಮುರಿದದ್ದರ ಮೇಲೆ ನಾನು ನಿಂತಿದ್ದೀನಿ ಅಷ್ಟೆ.”

ಈ ಸಲ ಗೌಡರೂ ನಕ್ಕರು. ನೆಲಕ್ಕೆ ಸಿಮೆಂಟ್ ಆಗಬೇಕು, ಬಾಗಿಲಲ್ಲಿ ಮರಳಿನ ಬಕೆಟ್ ಇರಬೇಕು, ಆಸಿಡಿನ ಬ್ಯಾಟರಿ ಹಟ್ಟಿಯಲ್ಲಿ ರಾತ್ರಿ ಉಳಿಯಬಾರದು, ಕಟ್ಟಿದ ಪೆಟ್ಟಿಗೆ ಮೊದಲ ಮಳೆಗಾಲ ಹಟ್ಟಿಯ ದೀಪವನ್ನೇ ಉರಿಸಬೇಕು. ಇಷ್ಟು ಶರತ್ತು ಹಾಕಿ ಶೆಡ್ ಕೊಟ್ಟರು.

ಮೇಡಂ ಆ ಹೆಂಗಸರಿಗೆ ಕಲಿಸಿದ ರೀತಿ ನೋಡಿದರೆ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನಿಸಬೇಕು. ಕೈಗವಸು ಮರೆತವಳಿಗೆ ಅವತ್ತು ಟೀ ಇಲ್ಲ. ತಾವು ಹೇಳಿದ್ದನ್ನು ಹಾಗೇ ಒಪ್ಪಿದವಳಿಗೂ ಬೈಗುಳ. “ನನ್ನ ಮಾತು ನಂಬಬೇಡ, ಮೀಟರ್ ಇಟ್ಟು ನೋಡು. ನಾನೇ ಬಿರಿಯಾನಿ ಕೆಡಿಸಿದವಳು.” ನಂತರ ಕಾಯಿಲೆ ಬಂತು. ಹಾಸಿಗೆಯಲ್ಲಿದ್ದಾಗ ನೋಡಲು ಹೋದವರಿಗೆಲ್ಲ ಒಂದೇ ಮಾತು: “ಇಲ್ಲಿ ಕೂತು ಏನು ಮಾಡ್ತೀರಿ? ಶೆಡ್ಡಿಗೆ ಹೋಗಿ.”

ಸಂತಾಪ ಸಭೆ ಮುಗಿದ ವಾರ ಮುದಲಾಳಿಯ ಕಡೆಯವರೊಬ್ಬರು ಹಟ್ಟಿಗೆ ಬಂದರು. ಈಗ ದೊಡ್ಡ ದೊಡ್ಡ ಕಂಪನಿಗಳೇ ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳಬೇಕೆಂದು ಕಾನೂನು ಬಂದಿದೆಯಲ್ಲ, ನಮ್ಮ ಶೆಡ್ ಅವರಿಗೆ ಬೇಕಾಗಿದೆ. ಬಾಗಿಲಲ್ಲಿ ನಿಂತು ಬಹಳ ಕನಿಕರದಿಂದ ಹೇಳಿದರು: “ಪಾಪ, ಮೇಡಂ ಹೋಗಿಬಿಟ್ಟರು. ಇನ್ನು ಇದನ್ನೆಲ್ಲ ನೋಡ್ಕೊಳ್ಳೋರು ಯಾರು? ನಮಗೆ ಕೊಟ್ಟುಬಿಡಿ, ಹೆಂಗಸರಿಗೆ ಯಾಕೆ ಈ ಕಷ್ಟ?”

ಒಳಗೆ ನಾಲ್ಕು ಜನ ಮೇಜಿನ ಮೇಲೆ ಬಗ್ಗಿ ಸೆಲ್ ಆರಿಸುತ್ತಿದ್ದರು. ಅಣ್ಣನ ಸೊಸೆ ತಲೆ ಎತ್ತಲಿಲ್ಲ.

“ಸ್ವಲ್ಪ ಆ ಕಡೆ ಸರೀರಿ ಅಣ್ಣಾ. ಬೆಳಕಿಗೆ ಅಡ್ಡ ನಿಂತಿದ್ದೀರ.”

ಅವರು ಸರಿದರು. ಇನ್ನೂ ಸರಿದು, ಕಾರು ಹತ್ತಿ, ಹೊರಟೇ ಹೋದರು.

ಇಷ್ಟು ಒತ್ತುವಷ್ಟರಲ್ಲಿ ನನ್ನ ಬೆರಳು ಸೋತಿತು. ನಿಮ್ಮೂರಲ್ಲೂ ಇಂಥವರು ಇದ್ದಿರಬೇಕು, ಅವರ ಬಗ್ಗೆ ಈಗ ನೀವು ಬರೆಯಿರಿ. ಶಾಂತರು, ಒಳ್ಳೆಯವರು ಎಂದು ಬರೆದು ಮುಗಿಸಬೇಡಿ. ಯಾರ ಜೊತೆ ಜಗಳವಾಡಿದರು, ಯಾತಕ್ಕೆ ಆಡಿದರು, ಆ ಜಗಳವನ್ನು ಈಗ ಯಾರು ಮುಂದುವರಿಸುತ್ತಿದ್ದಾರೆ, ಅದನ್ನು ಬರೆಯಿರಿ. ನಾನು ನಿಧಾನಕ್ಕೆ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.